ಇಂಗ್ಲಿಷಿನ ಜೋಡಿ ಪದಗಳೂ ನಮ್ಮ ಎರಡು ತಾಲ್ಲೂಕುಗಳೂ

ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ಒಂದು ಅಭ್ಯಾಸ ಇರುತ್ತದೆ. ಹತ್ತಿರದ ಅರ್ಥದ ಎರಡು ಪದ ಕೊಟ್ಟು, ಇವೆರಡಕ್ಕೂ ಏನು ವ್ಯತ್ಯಾಸ ಬರೆಯಿರಿ ಅನ್ನುವುದು. 'ಬಾರ್ಡರ್' ಮತ್ತು 'ಬೌಂಡರಿ', 'ಶಲ್' ಮತ್ತು 'ಮೇ', ಹೀಗೆ. ಮಕ್ಕಳು ಎರಡು ಮಾರ್ಕಿಗೆ ಉರು ಹೊಡೆದು, ಪರೀಕ್ಷೆ ಮುಗಿದ ಮಾರನೇ ದಿನ ಮರೆತುಬಿಡುತ್ತಾರೆ. ಬೇರೆ ಕಡೆಯ ಮಕ್ಕಳು ಮರೆತರೆ ನಷ್ಟವಿಲ್ಲ. ರಾಯದುರ್ಗ, ಮಡಕಶಿರ ಸೀಮೆಯವರಾದ ನಾವು ಮರೆಯುವ ಹಾಗಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಇನ್ನೂರು ವರ್ಷದಿಂದ ಈಚೆಗೆ ನಮ್ಮ ನೆಲ ಯಾರ ಕೈಗೆ ಹೋಗಬೇಕು, ನಮ್ಮೂರು ಯಾವ ರಾಜ್ಯಕ್ಕೆ ಸೇರಬೇಕು, ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು ಅನ್ನುವುದನ್ನೆಲ್ಲ ಇಂಗ್ಲಿಷ್ ಕಾಗದದಲ್ಲೇ ತೀರ್ಮಾನ ಮಾಡಿದ್ದಾರೆ. ಆ ಕಾಗದಗಳಲ್ಲಿ ಇರುವ ಪದವೇ ಬೇರೆ, ನಾವು ಅದನ್ನು ಅರ್ಥ ಮಾಡಿಕೊಂಡಿರುವುದೇ ಬೇರೆ, ಎಷ್ಟೋ ಸಲ ಹೀಗಾಗಿದೆ. ಕನ್ನಡಕ್ಕೆ ತಂದಾಗ ಎರಡೂ ಒಂದೇ ಅನ್ನಿಸುವ ಪದಗಳಲ್ಲೇ ಪೆಟ್ಟು ಇರುವುದು.

ಮೊದಲನೆಯ ಜೋಡಿ 'ಸೀಡೆಡ್' ಮತ್ತು 'ಅಸೈನ್ಡ್'.

ನಮ್ಮ ಸೀಮೆಗೆ ಬ್ರಿಟಿಷರ ಕಾಲದಲ್ಲಿ 'ಸೀಡೆಡ್ ಡಿಸ್ಟ್ರಿಕ್ಟ್ಸ್' ಅಂತ ಹೆಸರು. ಆ ಹೆಸರು ಸತ್ತುಹೋಗಿದೆ ಅಂದುಕೊಳ್ಳಬೇಡಿ. ತೆಲುಗು ಸಿನಿಮಾ ಹಂಚಿಕೆಯವರು ಇವತ್ತಿಗೂ ಲೆಕ್ಕ ಹಾಕೋದು ನೈಜಾಂ, ಸೀಡೆಡ್, ಆಂಧ್ರ ಅಂತಲೇ. ಹೊಸ ಸಿನಿಮಾ ಬಂದಾಗ "ಸೀಡೆಡ್‌ನಲ್ಲಿ ಇಷ್ಟು ಕೋಟಿ ಕಲೆಕ್ಷನ್" ಅಂತ ನಮ್ಮ ಹುಡುಗರು ಮಾತಾಡುತ್ತಾರಲ್ಲ, ಆ ಪದಕ್ಕೆ ಇನ್ನೂರು ವರ್ಷ ದಾಟಿದೆ.

ಕಥೆ ಹೀಗಿದೆ. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನ ಕೈಯಲ್ಲಿದ್ದವು. 1792ರಲ್ಲಿ ಒಂದಷ್ಟು, 1799ರಲ್ಲಿ ಟಿಪ್ಪು ಸತ್ತ ಮೇಲೆ ಮತ್ತಷ್ಟು ನೆಲ ಹೈದರಾಬಾದಿನ ನಿಜಾಮನ ಪಾಲಿಗೆ ಬಂತು. ನಿಜಾಮ ಅದನ್ನು ಉಣ್ಣುವುದಕ್ಕೆ ಕೂತ ಅಂದರೆ ಬಹಳ ಕಾಲ ಉಣ್ಣಲಿಲ್ಲ. ತನ್ನ ರಕ್ಷಣೆಗೆ ಕಂಪನಿ ಇಟ್ಟಿದ್ದ ಪಲ್ಟನ್ನಿನ ಖರ್ಚಿಗಾಗಿ 1800ರ ಅಕ್ಟೋಬರ್ 12ರ ಕರಾರಿನಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತುಂಗಭದ್ರೆಯೇ ಎಲ್ಲೆ ಆಯಿತು. ಆ ಕಾಗದದಲ್ಲಿ ಇದ್ದ ಕ್ರಿಯಾಪದ 'ಸೀಡ್'. ಅಂದರೆ ಹಕ್ಕು, ಅಧಿಕಾರ, ವಾರಸು ಎಲ್ಲವನ್ನೂ ಸೇರಿಸಿ, ಇನ್ನು ನನಗೆ ಇದರಲ್ಲಿ ಏನೂ ಇಲ್ಲ ಅಂತ ಬಿಟ್ಟುಕೊಡುವುದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕ್ರಯ.

ಐವತ್ತು ಮೂರು ವರ್ಷ ಆದಮೇಲೆ ಅದೇ ಮನೆತನದ ನಿಜಾಮ ಅದೇ ಕಂಪನಿಗೆ ಮತ್ತೆ ನೆಲ ಕೊಡಬೇಕಾಯಿತು. ಕಾರಣವೂ ಅದೇ, ಪಲ್ಟನ್ನಿನ ಖರ್ಚು, ಏರಿದ ಸಾಲ. 1853ರಲ್ಲಿ ಬೇರಾರ್, ರಾಯಚೂರು ದೋಆಬ್, ಧಾರಾಶಿವ ಈ ಸೀಮೆಗಳನ್ನು ಕೊಟ್ಟ. ಆದರೆ ಈ ಸಲ ಬರೆದ ಪದ 'ಅಸೈನ್'. ಉಸ್ತುವಾರಿ ನಿನ್ನದು, ಕಂದಾಯ ಎತ್ತಿ ಪಲ್ಟನ್ನಿಗೆ ಖರ್ಚು ಹಾಕಿಕೋ, ಆದರೆ ನೆಲದ ಒಡೆಯ ನಾನೇ ಅನ್ನುವ ಅರ್ಥ. ಇದು ನಮ್ಮ ಕಡೆಯ ಭೋಗ್ಯ ಇದ್ದ ಹಾಗೆ. ಹೊಲ ಸಾಲ ಕೊಟ್ಟವನು ಉಳುತ್ತಾನೆ, ಬೆಳೆ ಅವನೇ ತಿನ್ನುತ್ತಾನೆ, ಆದರೆ ಪಹಣಿಯಲ್ಲಿ ಹೆಸರು ನಮ್ಮದೇ ಇರುತ್ತದೆ.

ಫಲ ನೋಡಿ. ತುಂಗಭದ್ರೆಯ ಆ ದಡದ ರಾಯಚೂರು 1860ರಲ್ಲಿ ನಿಜಾಮನಿಗೆ ವಾಪಸ್ ಹೋಯಿತು. ಬೇರಾರ್ ವಾಪಸ್ ಹೋಗಲಿಲ್ಲ, ಆದರೆ ನಿಜಾಮನ ಒಡೆತನ ಮಾತ್ರ ಕಾಗದದ ಮೇಲೆ ಹಾಗೇ ಉಳಿಯಿತು. 1902ರಲ್ಲಿ ಕರ್ಜನ್ ಅದನ್ನು ಕಾಯಂ ಗುತ್ತಿಗೆ ಮಾಡಿಕೊಂಡು ವರ್ಷಕ್ಕೆ 25 ಲಕ್ಷ ರೂಪಾಯಿ ಕೊಡುವುದಾಗಿ ಬರೆದುಕೊಟ್ಟ. 1936ರಲ್ಲಿ ನಿಜಾಮನ ಹಿರಿಮಗನಿಗೆ ಬೇರಾರಿನ ರಾಜಕುಮಾರ ಅಂತ ಬಿರುದು ಬಂತು. ತುಂಗಭದ್ರೆಯ ಈ ದಡದ ನಮ್ಮ ಸೀಮೆಯ ಬಗ್ಗೆ ಅಂಥ ಒಂದು ಪೈಸೆ ಗುತ್ತಿಗೆಯೂ ಇಲ್ಲ, ಬಿರುದೂ ಇಲ್ಲ. ಕ್ರಯ ಆದ ಹೊಲಕ್ಕೆ ಮತ್ತೆ ಯಾವ ಮಾತು?

ಪದ ಒಂದೇ ಇದನ್ನೆಲ್ಲ ಮಾಡಿತು ಅಂತ ನಾನು ಹೇಳುವುದಿಲ್ಲ. ಪದದ ಹಿಂದೆ ಪಲ್ಟನ್ ಇತ್ತು, ಪಲ್ಟನ್ನಿನ ಹಿಂದೆ ಸಾಲದ ಲೆಕ್ಕ ಇತ್ತು. ಆದರೆ ಮುಂದೆ ನೂರು ವರ್ಷ ಯಾರು ಏನು ಕೇಳಬಹುದು, ಏನು ಕೇಳಬಾರದು ಅನ್ನುವುದನ್ನು ಕಾಗದದ ಮೇಲಿನ ಪದವೇ ಹಿಡಿದಿಟ್ಟಿತು. ಈ ವ್ಯತ್ಯಾಸ ನಮ್ಮ ರೈತರಿಗೆ ಹೊಸದೂ ಅಲ್ಲ. ಸರಕಾರ ಭೂಮಿ ಇಲ್ಲದ ಬಡವರಿಗೆ ಪಟ್ಟಾ ಕೊಟ್ಟ ಜಮೀನಿಗೆ ಇಂದಿಗೂ 'ಅಸೈನ್ಡ್ ಭೂಮಿ' ಅಂತಲೇ ಹೆಸರು. ಅಂಥ ಜಮೀನು ಕೈ ಬದಲಾಗಬಾರದು ಅಂತ ಆಂಧ್ರದಲ್ಲಿ 1977ರಲ್ಲಿ ಕಾಯ್ದೆಯೇ ಬಂತು. ನಿಜಾಮನ ಕಾಗದದಲ್ಲಿದ್ದ ಪದವೇ ನಮ್ಮ ಪಾಸ್‌ಬುಕ್ಕಿನವರೆಗೂ ನಡೆದು ಬಂದಿದೆ.

ತೆಲುಗಿನವರು 'ಸೀಡೆಡ್' ಅನ್ನುವುದಕ್ಕೆ 'ದತ್ತ ಮಂಡಲ' ಅಂದರು. ದತ್ತ ಅಂದರೆ ಕೊಟ್ಟದ್ದು. ಯಾರೋ ಯಾರಿಗೋ ಕೊಟ್ಟ ಸೀಮೆ ಅನ್ನಿಸಿಕೊಳ್ಳುವುದು ಯಾರಿಗೆ ಇಷ್ಟ? 1928ರಲ್ಲಿ ನಂದ್ಯಾಲದಲ್ಲಿ ಸೇರಿದ ಸಭೆಯಲ್ಲಿ ಆ ಹೆಸರು ಬಿಟ್ಟು 'ರಾಯಲಸೀಮ' ಅಂತ ಕರೆಯಬೇಕೆಂದು ಮಾತಾಯಿತು. ವಿಜಯನಗರದ ರಾಯರ ನೆನಪಿನ ಹೆಸರು. ರಾಯದುರ್ಗದವರಿಗೆ ಇದು ಹಿಡಿಸದೆ ಇರುತ್ತದೆಯೇ, ಊರ ಹೆಸರಿನಲ್ಲೇ ರಾಯ ಇದ್ದಾನೆ.

ಇನ್ನು ಎರಡನೆಯ ಜೋಡಿಗೆ ಬರೋಣ. 'ಡಿಸ್ಟ್ರಿಕ್ಟ್' ಮತ್ತು 'ತಾಲ್ಲೂಕ್'. ಇವು ಹತ್ತಿರದ ಅರ್ಥದ ಪದಗಳಲ್ಲ, ಒಂದು ದೊಡ್ಡದು ಒಂದು ಚಿಕ್ಕದು ಅಷ್ಟೇ ಅಂತ ನೀವು ಹೇಳಬಹುದು. ಆದರೆ ಗಡಿ ಎಳೆಯುವಾಗ ಯಾವುದನ್ನು ಅಳತೆಗೋಲು ಮಾಡಿಕೊಂಡರು ಅನ್ನುವುದರ ಮೇಲೆ ಊರುಗಳ ಹಣೆಬರಹ ನಿಂತಿತು.

ಕಂಪನಿಯವರು 1808ರಲ್ಲಿ ನಮ್ಮ ಸೀಮೆಯನ್ನು ಬಳ್ಳಾರಿ, ಕಡಪ ಅಂತ ಎರಡು ಜಿಲ್ಲೆ ಮಾಡಿದರು. ಬಳ್ಳಾರಿ ಜಿಲ್ಲೆ ಬಹಳ ದೊಡ್ಡದಾಯಿತು ಅಂತ 1882ರಲ್ಲಿ ಅದನ್ನು ಮತ್ತೆ ಒಡೆದು ಅನಂತಪುರ ಜಿಲ್ಲೆ ಮಾಡಿದರು. ಮಡಕಶಿರ ಅನಂತಪುರಕ್ಕೆ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಆಗ ಯಾರೂ ಭಾಷೆ ನೋಡಲಿಲ್ಲ. ಕಲೆಕ್ಟರಿಗೆ ಸುತ್ತಾಡಲು ಅನುಕೂಲ, ಖಜಾನೆಗೆ ಅನುಕೂಲ, ಅಷ್ಟೇ. ಈ ಅನುಕೂಲದ ಗೆರೆ 71 ವರ್ಷದ ಮೇಲೆ ಏನು ಮಾಡಿತು ಅನ್ನುವುದು ನೋಡುವಂಥದ್ದು.

1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ಆಂಧ್ರ ರಾಜ್ಯ ಮಾಡುವುದು ಖಚಿತವಾಯಿತು. 1953ರ ಕಾಯ್ದೆಯಲ್ಲಿ ಹೊಸ ರಾಜ್ಯಕ್ಕೆ ಸೇರುವ ನೆಲದ ಪಟ್ಟಿ ಇದೆ. ಹನ್ನೊಂದು ಜಿಲ್ಲೆಗಳ ಹೆಸರು, ಅದರ ಜೊತೆಗೆ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ಈ ಮೂರು ತಾಲ್ಲೂಕು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ. ಈ ಮೂರು ತಾಲ್ಲೂಕಿನ ಮಾತು ಆಗ ಹೊಸದಾಗಿ ಹುಟ್ಟಿದ್ದಲ್ಲ. 1921ರಲ್ಲೇ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳಿಗೆ ಗಡಿ ಹಾಕಿಕೊಳ್ಳುವಾಗ ಎನ್.ಸಿ. ಕೇಳ್ಕರರ ಮಧ್ಯಸ್ಥಿಕೆಯಲ್ಲಿ ಇವನ್ನು ಆಂಧ್ರದ ಕಡೆಗೆ ಇಟ್ಟಿದ್ದರು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ರಾಯದುರ್ಗದ ಹೆಸರು ಇದೆ, ತಾಲ್ಲೂಕು ಅಂತ ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಯಾಕೆಂದರೆ ಅದು ಒಡೆಯಬೇಕಾಗಿದ್ದ ಜಿಲ್ಲೆಯಲ್ಲಿತ್ತು. ಮಡಕಶಿರದ ಹೆಸರೇ ಇಲ್ಲ. ಅದು 'ಅನಂತಪುರ ಡಿಸ್ಟ್ರಿಕ್ಟ್' ಅನ್ನುವ ಎರಡು ಪದದ ಒಳಗೆ ಸದ್ದಿಲ್ಲದೆ ಸೇರಿಹೋಯಿತು. ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ, ಮಗ್ಗುಲಲ್ಲೇ ಪಾವಗಡ, ಹೀಗೆ ಮೂರು ಕಡೆ ಮೈಸೂರು ಸೀಮೆ ಸುತ್ತಿಕೊಂಡ ತಾಲ್ಲೂಕು ಅದು. ಅಗಳಿ, ರೊಳ್ಳ, ಅಮರಾಪುರದ ಕಡೆಯ ಊರುಗಳಲ್ಲಿ ಸಂತೆಯ ಮಾತೂ ಕನ್ನಡ, ಜಗಳದ ಮಾತೂ ಕನ್ನಡ. ಅಲ್ಲಿಯ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು, ಅಲ್ಲಿನ ಕಲ್ಲುಗಳಲ್ಲಿ ಇರುವುದು ಹಳಗನ್ನಡ. ಆದರೆ ಗಡಿ ಎಳೆಯುವವರ ಮುಂದೆ ಶಾಸನದ ಕಲ್ಲು ಲೆಕ್ಕಕ್ಕೆ ಬರುವುದಿಲ್ಲ. ಅವರ ಕೈಯಲ್ಲಿರುವುದು ಜನಗಣತಿ ಪುಸ್ತಕ ಮತ್ತು ಜಿಲ್ಲೆಯ ನಕ್ಷೆ. 1882ರಲ್ಲಿ ಮಡಕಶಿರವೂ ಬಳ್ಳಾರಿಯಲ್ಲೇ ಉಳಿದಿದ್ದರೆ, ಯಾವ ಕಡೆಗೆ ಹೋಗುತ್ತಿತ್ತೋ ಅದು ಬೇರೆ ಮಾತು, ಕೊನೇಪಕ್ಷ ಹೆಸರು ಹಿಡಿದು ಚರ್ಚೆಯಾದರೂ ಆಗುತ್ತಿತ್ತು.

ರಾಯದುರ್ಗದ ವಿಷಯದಲ್ಲಿ ಇನ್ನೊಂದು ಪದ ಸೇರಿಕೊಂಡಿದೆ. ಅಲ್ಲಿ ಅಳತೆ ತಾಲ್ಲೂಕು. ಇಡೀ ತಾಲ್ಲೂಕಿನ ಲೆಕ್ಕ ಹೇಗೋ ಹಾಗೆ ಅದರ ಒಳಗಿನ ಎಲ್ಲ ಊರೂ. ಬಳ್ಳಾರಿ, ಮೊಳಕಾಲ್ಮೂರು ಕಡೆಗೆ ಮುಖ ಮಾಡಿದ ಕನ್ನಡದ ಹಳ್ಳಿಗಳು ತಾಲ್ಲೂಕಿನ ಬೆನ್ನಿಗೆ ಕಟ್ಟಿಕೊಂಡು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನಲ್ಲಿ ಇದರ ತಿರುಗುಮುರುಗು ಆಯಿತು. ಆ ತಾಲ್ಲೂಕಿನ ವಿವಾದವನ್ನು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಣೆ ಮಾಡಿ ಮೈಸೂರಿಗೆ ಅಂದರು, ಅಲ್ಲಿಯ ತೆಲುಗಿನ ಹಳ್ಳಿಗಳು ಅದರ ಜೊತೆಗೆ ಹೋದವು. ಅವರ ಸಂಕಟವೂ ನಮ್ಮಂಥದ್ದೇ, ಅದನ್ನು ನಾವು ಮರೆಯಬಾರದು. ಇದಾದ ಕೆಲವೇ ವರ್ಷದಲ್ಲಿ ಆಂಧ್ರಕ್ಕೂ ಮದರಾಸಿಗೂ ಗಡಿ ತಕರಾರು ಬಂದಾಗ ಎಚ್.ವಿ. ಪಾಟಸ್ಕರ್ 'ವಿಲೇಜ್' ಅನ್ನುವುದನ್ನೇ ಅಳತೆ ಮಾಡಿಕೊಂಡರು. ಯಾವ ಹಳ್ಳಿಯಲ್ಲಿ ಯಾವ ಭಾಷೆಯವರು ಹೆಚ್ಚೋ, ಆ ಕಡೆಯ ನೆಲಕ್ಕೆ ಅಂಟಿಕೊಂಡಿದ್ದರೆ, ಆ ರಾಜ್ಯಕ್ಕೆ. 1960ರ ಏಪ್ರಿಲ್ 1ರಂದು ತಿರುತ್ತಣಿ ಮೊದಲಾದ ಕಡೆ ಹಾಗೇ ಊರುಗಳು ಅದಲು ಬದಲಾದವು. ಆಂಧ್ರದ ತಮಿಳು ಗಡಿಯಲ್ಲಿ ಹಳ್ಳಿ ಅಳತೆಯಾಯಿತು, ಆಂಧ್ರದ ಕನ್ನಡ ಗಡಿಯಲ್ಲಿ ತಾಲ್ಲೂಕು, ಜಿಲ್ಲೆ ಅಳತೆಯಾದವು. ಮೂರು ಗೋಲಿನಿಂದ ಅಳೆದರೆ ಒಂದೇ ಹೊಲ ಮೂರು ಲೆಕ್ಕ ಬರುತ್ತದೆ.

ಇಲ್ಲೇ ಇನ್ನೊಂದು ಸಣ್ಣ ಜೋಡಿ ಹೇಳಿಬಿಡುತ್ತೇನೆ. 'ರೆಕಮೆಂಡೇಶನ್' ಮತ್ತು 'ಡಿಸಿಷನ್'. ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ತುಂಗಭದ್ರಾ ಯೋಜನೆಯ ಕಾರಣ ಹೇಳಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕು ಅಂತ ಬರೆದಿತ್ತು. ಕೊಡಲಿಲ್ಲ. ಕೇಂದ್ರ ಸರಕಾರ ಆ ಮಾತನ್ನು ಒಪ್ಪಲಿಲ್ಲ. ಆಯೋಗ ಹೇಳುವುದು ಶಿಫಾರಸು, ತೀರ್ಮಾನ ಸರಕಾರದ್ದು. ಗಡಿಯ ಸಭೆಗಳಲ್ಲಿ "ಆಯೋಗವೇ ಹೇಳಿದೆ" ಅಂತ ಮೇಜು ಗುದ್ದುವವರು ಎರಡೂ ಕಡೆ ಇದ್ದಾರೆ. ಅವರಿಗೆ ಈ ಬಳ್ಳಾರಿಯ ಉದಾಹರಣೆ ಸಾಕು.

ಮೂರನೆಯ ಜೋಡಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. 'ಮದರ್ ಟಂಗ್' ಮತ್ತು 'ಲ್ಯಾಂಗ್ವೇಜ್ ಆರ್ಡಿನರಿಲಿ ಯೂಸ್ಡ್'.

ಗಡಿ ಎಳೆದವರ ಕೈಯಲ್ಲಿ ಜನಗಣತಿ ಪುಸ್ತಕ ಇತ್ತು ಅಂದೆನಲ್ಲ, ಆ ಪುಸ್ತಕದಲ್ಲಿ ಭಾಷೆಯ ಅಂಕಣಕ್ಕೆ ಪ್ರತಿ ಹತ್ತು ವರ್ಷಕ್ಕೂ ಒಂದೇ ಪ್ರಶ್ನೆ ಕೇಳಿಲ್ಲ. 1881ರಲ್ಲಿ ಕೇಳಿದ್ದು 'ಮದರ್ ಟಂಗ್'. 1891ರಲ್ಲಿ 'ಪೇರೆಂಟ್ ಟಂಗ್'. 1901, 1911, 1921ರಲ್ಲಿ 'ಲ್ಯಾಂಗ್ವೇಜ್ ಆರ್ಡಿನರಿಲಿ ಯೂಸ್ಡ್', ಅಂದರೆ ದಿನಬಳಕೆಯ ಭಾಷೆ. 1931ರಿಂದ ಮತ್ತೆ 'ಮದರ್ ಟಂಗ್'. ಕನ್ನಡದಲ್ಲಿ ನಾವು ಎಲ್ಲಕ್ಕೂ "ನಿಮ್ಮ ಭಾಷೆ ಯಾವುದು?" ಅಂತಲೇ ಕೇಳಿಬಿಡುತ್ತೇವೆ.

ಒಂದು ಮನೆ ಊಹಿಸಿಕೊಳ್ಳಿ. ರಾಯದುರ್ಗದ ಹತ್ತಿರದ ಹಳ್ಳಿ. ಅತ್ತೆ ಮಾವ ಕನ್ನಡದವರು. ಸೊಸೆ ಕಲ್ಯಾಣದುರ್ಗದ ಕಡೆಯಿಂದ ಬಂದವಳು, ತೆಲುಗಿನವಳು. ಮಗ ಪೇಟೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾನೆ, ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಸೊಸೆ ಅತ್ತೆಯ ಹತ್ತಿರ ಕನ್ನಡ ಆಡುತ್ತಾಳೆ, ಮಗುವನ್ನು ತೊಟ್ಟಿಲಲ್ಲಿ ಹಾಕಿ ತೂಗುವಾಗ ತೆಲುಗು ಆಡುತ್ತಾಳೆ. ಈ ಮಗುವಿನ ಭಾಷೆ ಯಾವುದು? 1961ರ ಗಣತಿಯಿಂದ ಇರುವ ಸೂಚನೆ ಪ್ರಕಾರ, ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಮಾತೇ ಮಾತೃಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮಾತ್ರ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಮಾತು. ಅಂದಮೇಲೆ ಅಪ್ಪನ ಹೆಸರಿನ ಮುಂದೆ ಕನ್ನಡ, ಮಗುವಿನ ಹೆಸರಿನ ಮುಂದೆ ತೆಲುಗು. ಇದೇ ಮನೆಗೆ 1901ರ ಪ್ರಶ್ನೆ ಹಿಡಿದುಕೊಂಡು ಹೋಗಿದ್ದರೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಬರುತ್ತಿದ್ದರು, ಕನ್ನಡವೋ ತೆಲುಗೋ ಅನ್ನುವುದು ಆ ದಿನ ಜಗಲಿಯ ಮೇಲೆ ಕೂತು ಉತ್ತರ ಹೇಳಿದವರು ಯಾರು ಅನ್ನುವುದರ ಮೇಲೆ.

ನಮ್ಮ ಎರಡು ತಾಲ್ಲೂಕಿನಲ್ಲಿ ಇಂಥ ಮನೆ ಒಂದೆರಡಲ್ಲ. ಮನೆಯಲ್ಲಿ ತೆಲುಗು ಆಡಿ ಊರಲ್ಲಿ ಕನ್ನಡ ಆಡುವವರಿದ್ದಾರೆ, ತಿರುಗುಮುರುಗು ಇರುವವರೂ ಇದ್ದಾರೆ. ತಾಂಡಾದಲ್ಲಿ ಲಂಬಾಣಿ, ಮುಸಲ್ಮಾನರ ಮನೆಯಲ್ಲಿ ಉರ್ದು, ಅವರೆಲ್ಲ ಸಂತೆಗೆ ಬಂದರೆ ಕನ್ನಡವೋ ತೆಲುಗೋ. ಹೀಗಿರುವಾಗ ಒಂದು ಪ್ರಶ್ನೆಯ ಪದ ಬದಲಾದರೆ ಎಷ್ಟು ಮನೆ ಈ ಕಡೆಯಿಂದ ಆ ಕಡೆಗೆ ದಾಟುತ್ತವೆ ಅನ್ನುವುದನ್ನು ಗಣತಿಗೆ ಹೋಗಿ ಬಂದ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ನಮ್ಮಲ್ಲಿ ಗಣತಿ ಮಾಡುವವರು ಮೇಷ್ಟ್ರುಗಳೇ ತಾನೆ. ಹೆಸರು ಕೇಳಿದ ಕೂಡಲೇ, ಜಾತಿ ಗೊತ್ತಾದ ಕೂಡಲೇ, ಭಾಷೆಯನ್ನು ತಾವೇ ಊಹಿಸಿ ಬರೆದುಕೊಳ್ಳುವ ಪದ್ಧತಿ ಬಿಡಬೇಕು. 'ಮದರ್' ಅಂತ ಪ್ರಶ್ನೆಯಲ್ಲೇ ಇರುವಾಗ ಒಳಗೆ ರೊಟ್ಟಿ ಬಡಿಯುತ್ತಿರುವ ತಾಯಿಯನ್ನು ಒಮ್ಮೆ ಹೊರಗೆ ಕರೆದು ಕೇಳುವುದು ನ್ಯಾಯ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಇದೆ, ಮನೆಮಾತು. ತಾಯ್ನುಡಿ ಅನ್ನುವುದು ಪುಸ್ತಕದ್ದು. ಮನೆಮಾತು ಅಂದರೆ ಯಾವ ಅಜ್ಜಿಗೂ ಗೊತ್ತಾಗುತ್ತದೆ. ಆದರೆ ಗಮನಿಸಿ, ಮನೆಮಾತು ಮನೆಯದು, 'ಮದರ್ ಟಂಗ್' ತಾಯಿಯದು. ನಮ್ಮಂಥ ಗಡಿಯ ಮನೆಗಳಲ್ಲಿ ಎರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ರಾಜ್ಯಗಳು ಭಾಷೆಯ ಮೇಲೆ ಒಡೆದಾಗ ಗಡಿಯಲ್ಲಿ ಉಳಿದವರ ಗತಿ ಏನು ಅಂತ ಪ್ರಶ್ನೆ ಬಂತು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ 350ಎ ಅನ್ನುವ ವಿಧಿ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಅನ್ನುವುದು ಅದರ ಸಾರ. ನಮ್ಮ ಸಭೆಗಳಲ್ಲಿ ಇದನ್ನು "ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲೇಬೇಕು ಅಂತ ಸಂವಿಧಾನ ಹೇಳಿದೆ" ಅಂತ ಭಾಷಣ ಮಾಡುತ್ತಾರೆ. ಮೂಲದಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಅಲ್ಲಿ 'ಪ್ರೊವೈಡ್' ಅನ್ನುವುದರ ಹಿಂದೆ 'ಎಂಡೆವರ್' ಅಂತ ಒಂದು ಪದ ಕೂತಿದೆ. ಕೊಡತಕ್ಕದ್ದು ಬೇರೆ, ಕೊಡಲು ಪ್ರಯತ್ನಿಸತಕ್ಕದ್ದು ಬೇರೆ. ಸಾಲ ತೀರಿಸುತ್ತೇನೆ ಅಂದವನಿಗೂ ತೀರಿಸಲು ನೋಡುತ್ತೇನೆ ಅಂದವನಿಗೂ ಎಷ್ಟು ವ್ಯತ್ಯಾಸ ಅಂತ ಕೊಟ್ಟವನಿಗೆ ಗೊತ್ತು.

ಇದು ಬರೀ ಪದದ ಕಸರತ್ತು ಅನ್ನಿಸಿದರೆ ಇನ್ನೊಂದು ವಿಧಿಯ ಇತಿಹಾಸ ನೋಡಿ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುವುದು 1950ರ ಸಂವಿಧಾನದ 45ನೆಯ ವಿಧಿಯಲ್ಲೇ ಇತ್ತು. ಹತ್ತು ವರ್ಷದ ಒಳಗೆ ಒದಗಿಸಲು 'ಎಂಡೆವರ್' ಮಾಡಬೇಕು ಅಂತ. ಹತ್ತು ವರ್ಷ ಹೋಯಿತು, ಇಪ್ಪತ್ತು ಹೋಯಿತು, ಐವತ್ತು ಹೋಯಿತು. 2002ರಲ್ಲಿ 86ನೆಯ ತಿದ್ದುಪಡಿ ಬಂದು 21ಎ ವಿಧಿಯಲ್ಲಿ ಆ ಪದ ತೆಗೆದು ನೇರವಾಗಿ 'ಶಲ್ ಪ್ರೊವೈಡ್' ಅಂತ ಬರೆದರು, ಆರರಿಂದ ಹದಿನಾಲ್ಕರ ಮಕ್ಕಳಿಗೆ. ಆಮೇಲೆ 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್‌ನಿಂದ ಜಾರಿಯಾಯಿತು. ಒಂದು ಪದ ದಾಟುವುದಕ್ಕೆ 52 ವರ್ಷ ಹಿಡಿಯಿತು. ಮಾತೃಭಾಷೆಯ ವಿಧಿಯಲ್ಲಿ ಆ 'ಎಂಡೆವರ್' ಇನ್ನೂ ಹಾಗೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯೂ ಕಲಿಕೆಯ ಮಾಧ್ಯಮ ಮಗುವಿನ ಮಾತೃಭಾಷೆ ಇರಬೇಕು ಅನ್ನುತ್ತದೆ, ಆದರೆ ಜೊತೆಗೆ 'ಆಸ್ ಫಾರ್ ಆಸ್ ಪ್ರಾಕ್ಟಿಕಬಲ್' ಅಂತ ಒಂದು ಬಾಲ ಇಟ್ಟಿದೆ. ಕಾರ್ಯಸಾಧ್ಯವಾದ ಮಟ್ಟಿಗೆ. ಎಷ್ಟು ಸಾಧ್ಯ ಅನ್ನುವುದನ್ನು ಹೇಳುವವರು ಕಚೇರಿಯವರು.

350ಎಯಲ್ಲಿ ಇನ್ನೂ ಒಂದು ಪದ ಇದೆ, 'ಫೆಸಿಲಿಟೀಸ್'. 'ಸ್ಕೂಲ್' ಅಂತ ಇಲ್ಲ. ತೆಲುಗು ಶಾಲೆಗೆ ಒಬ್ಬ ಕನ್ನಡ ಮೇಷ್ಟ್ರನ್ನು ಹಾಕಿದರೂ ಅದು ಸೌಲಭ್ಯವೇ. ಆ ಮೇಷ್ಟ್ರು ನಿವೃತ್ತರಾಗಿ ಜಾಗ ಖಾಲಿ ಬಿದ್ದರೂ ಕಾಗದದಲ್ಲಿ ಹುದ್ದೆ ಇರುತ್ತದೆ, ಸೌಲಭ್ಯವೂ ಇದ್ದ ಹಾಗೇ ಕಾಣುತ್ತದೆ. ಇಂಥ ಮೃದು ಪದಗಳ ನಡುವೆ ಕೈಗೆ ಸಿಗುವ ಗಟ್ಟಿ ವಸ್ತು ಅಂದರೆ ಸಂಖ್ಯೆ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹಾಕಿತು. ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು. ಆ ಲೆಕ್ಕದಲ್ಲೂ ಒಂದು ಜೋಡಿ ಪದ ಅಡಗಿದೆ, 'ಆರ್' ಮತ್ತು 'ಆಂಡ್'. 40 ಇಲ್ಲವೇ 10 ಅಂತ ಇದೆ, 40 ಮತ್ತು 10 ಅಂತ ಅಲ್ಲ. ಒಂದೇ ತರಗತಿಯಲ್ಲಿ ಹತ್ತು ಮಕ್ಕಳಿದ್ದರೂ ಕೇಳಬಹುದು. ಅರ್ಜಿ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಡಳಿತದ ಭಾಷೆಯ ಲೆಕ್ಕದಲ್ಲಿ ಮತ್ತೆ ಹಳೆಯ ಜೋಡಿಯೇ ಬರುತ್ತದೆ. ಒಂದು ಜಿಲ್ಲೆಯ ಜನರಲ್ಲಿ ನೂರಕ್ಕೆ 70 ಮಂದಿ ರಾಜ್ಯದ ಭಾಷೆಯಲ್ಲದ ಇನ್ನೊಂದು ಭಾಷೆಯವರಾದರೆ, ಆ ಜಿಲ್ಲೆಯಲ್ಲಿ ಅವರ ಭಾಷೆಯೇ ಆಡಳಿತ ಭಾಷೆ ಇರಲಿ ಅಂತ ಫಜಲ್ ಅಲಿ ಆಯೋಗ ಹೇಳಿತು. ಜಿಲ್ಲೆಯ ಜನರಲ್ಲಿ ಅಂತ. ಒಂದು ತಾಲ್ಲೂಕಿನ ಮೂಲೆಯಲ್ಲಿ ನೂರಕ್ಕೆ ತೊಂಬತ್ತು ಇದ್ದರೂ ಈ ಮಾತು ಅನ್ವಯ ಆಗುವುದಿಲ್ಲ. ನೋಟೀಸು, ನಿಯಮಗಳನ್ನು ಅಲ್ಪಸಂಖ್ಯಾತರ ಭಾಷೆಯಲ್ಲೂ ಅಚ್ಚು ಹಾಕಿಸುವುದಕ್ಕೆ ಮಾತ್ರ ತಾಲ್ಲೂಕು, ಪುರಸಭೆಯಂಥ ಚಿಕ್ಕ ಪ್ರದೇಶದ ಲೆಕ್ಕವೂ ನಡೆಯುತ್ತದೆ, ಅಲ್ಲಿ ನೂರಕ್ಕೆ 15ರಿಂದ 20 ಸಾಕು. 1985ರಲ್ಲಿ ನಮ್ಮ ತಾಲ್ಲೂಕುಗಳು ಒಡೆದು ಮಂಡಲಗಳಾದವು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿ ಉಳಿಯಿತು. 1882ರಿಂದ 1953ರವರೆಗೆ ಇದ್ದ ಹಾಗೆ ಮತ್ತೆ ಬೇರೆ ಬೇರೆ ಜಿಲ್ಲೆ. 'ಡಿಸ್ಟ್ರಿಕ್ಟ್' ಅನ್ನುವ ಪದ ಇರುವ ಪ್ರತಿ ಲೆಕ್ಕವನ್ನೂ ಈಗ ಎರಡು ಕಡೆ ಹೊಸದಾಗಿ ಹಾಕಬೇಕು.

ಕೊನೆಯದಾಗಿ 'ಮೀಡಿಯಂ' ಮತ್ತು 'ಸಬ್ಜೆಕ್ಟ್'. ಶಾಲೆಯಲ್ಲಿ ಕನ್ನಡ ಇದೆಯಾ ಅಂತ ಅಪ್ಪ ಅಮ್ಮ ಕೇಳುತ್ತಾರೆ, ಇದೆ ಅನ್ನುತ್ತಾರೆ. ಹೇಗೆ ಇದೆ? ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕನ್ನಡದಲ್ಲಿ ಹೇಳಿಕೊಡುತ್ತಾರೋ, ಇಲ್ಲ ದಿನಕ್ಕೆ ಒಂದು ಪೀರಿಯಡ್ ಕನ್ನಡ ಪಾಠವೋ? ಮೊದಲನೆಯದು ಮಾಧ್ಯಮ, ಎರಡನೆಯದು ವಿಷಯ. 2019ರ ನವೆಂಬರಿನಲ್ಲಿ ಆಂಧ್ರ ಸರಕಾರ ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮೀಡಿಯಂ ಮಾಡುವ ಆದೇಶ ತಂದಾಗ ಹೇಳಿದ್ದು ಇದೇ ಮಾತು, ತೆಲುಗು ಹೋಗುವುದಿಲ್ಲ, ಕಡ್ಡಾಯ ಸಬ್ಜೆಕ್ಟ್ ಆಗಿ ಇರುತ್ತದೆ ಅಂತ. ತೆಲುಗಿನವರಿಗೇ ಆಗ ಈ ಎರಡು ಪದದ ಅಂತರ ಹೊಳೆಯಿತು. ಗಡಿಯಲ್ಲಿ ನಾವು ಅದನ್ನು ಮೊದಲಿನಿಂದ ಅನುಭವಿಸಿದ್ದೇವೆ. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಅತ್ತ ಪೋಷಕರೇ ಇಂಗ್ಲಿಷ್ ಮೀಡಿಯಂ ಕೇಳುತ್ತಿದ್ದಾರೆ ಅನ್ನುವುದೂ ಸುಳ್ಳಲ್ಲ. ಅವರ ಹಂಬಲವನ್ನು ಹಗುರವಾಗಿ ಕಾಣಬಾರದು. ಆದರೆ ಕೇಳುವಾಗ ಏನು ಕೇಳುತ್ತಿದ್ದೇವೆ ಅಂತ ತಿಳಿದು ಕೇಳಬೇಕು. ಇಂಗ್ಲಿಷ್ ಚೆನ್ನಾಗಿ ಕಲಿಸಿ ಅನ್ನುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸಿ ಅನ್ನುವುದು ಬೇರೆ.

ಇದಕ್ಕೆ ಮೊದಲೇ, 2014ರ ಮೇ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 350ಎ ವಿಧಿಯ 'ಮದರ್ ಟಂಗ್' ಅಂದರೆ ಏನು ಅಂತ ಬಿಡಿಸಿ ಹೇಳಿತ್ತು. ಮೊಕದ್ದಮೆ ಕರ್ನಾಟಕದ್ದು, ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಅಂತ 1994ರಲ್ಲಿ ಅಲ್ಲಿನ ಸರಕಾರ ಮಾಡಿದ್ದ ಆದೇಶದ ಬಗ್ಗೆ. ತೀರ್ಪು ಕನ್ನಡ ಮಾಧ್ಯಮದ ಪರ ಇದ್ದವರಿಗೆ ನೋವು ತಂದಿತು. ಗಣತಿಯವರು ತಾಯಿ ಆಡಿದ ಮಾತು ಅಂದರು, ನ್ಯಾಯಾಲಯ ತಂದೆ ತಾಯಿ ಇಲ್ಲವೇ ಪೋಷಕರು ಯಾವುದನ್ನು ಮಗುವಿನ ಮಾತೃಭಾಷೆ ಅಂತ ಹೇಳುತ್ತಾರೋ ಅದೇ ಅಂದಿತು. ಸರಕಾರ ಅದನ್ನು ತಾನೇ ನಿರ್ಧರಿಸಿ ಹೇರುವ ಹಾಗಿಲ್ಲ. ಕರ್ನಾಟಕದಲ್ಲಿ ಕನ್ನಡಕ್ಕೆ ಹಿನ್ನಡೆ ಅನ್ನಿಸಿದ ಈ ಮಾತು ಗಡಿಯ ಈಚೆ ನಮ್ಮ ಕೈಗೆ ಒಂದು ಆಧಾರವಾಗಿ ಬಂದಿದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ತುಂಬುವ ಕಾಗದದಲ್ಲಿ ಮಾತೃಭಾಷೆ ಅಂತ ಒಂದು ಕಾಲಂ, ಮಾಧ್ಯಮ ಅಂತ ಒಂದು ಕಾಲಂ ಬೇರೆ ಬೇರೆ ಇರುತ್ತವೆ. ತೆಲುಗು ಶಾಲೆಗೆ ಸೇರಿಸುವವರೂ ಇಂಗ್ಲಿಷ್ ಮೀಡಿಯಂಗೆ ಸೇರಿಸುವವರೂ ಮೊದಲನೆಯ ಕಾಲಮ್ಮಿನಲ್ಲಿ ಮನೆಯ ಮಾತನ್ನೇ ಬರೆಸಬಹುದು, ಅದರಿಂದ ಸೀಟು ತಪ್ಪುವುದಿಲ್ಲ. 40 ಮತ್ತು 10ರ ಲೆಕ್ಕವನ್ನು ಎಣಿಸುವುದು ಆ ಮೊದಲನೆಯ ಕಾಲಮ್ಮಿನಿಂದ. ಗಡಿಬಿಡಿಯಲ್ಲಿ ಅದನ್ನು ಖಾಲಿ ಬಿಟ್ಟು ಸಹಿ ಹಾಕಿ ಹೋದರೆ, ಸಂಜೆ ಶಾಲೆ ಬಿಟ್ಟ ಮೇಲೆ ರಿಜಿಸ್ಟರ್ ತುಂಬುವವರು ಶಾಲೆ ಯಾವ ಮೀಡಿಯಮ್ಮೋ ಅದನ್ನೇ ಅಲ್ಲಿಯೂ ಬರೆದುಬಿಡುತ್ತಾರೆ.